ಬಾಟಲಿಯ ಮೇಲೆ 40, ಸಿರಿಂಜಿನ ಮೇಲೆ 100

ಮಾನ್ಯ ಸಂಪಾದಕರೇ,

ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕೆನ್ನುವ ಇನ್ಸುಲಿನ್‌ಗೆ 2024ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ತೋಳಿಗೆ ಅಂಟಿಸಿಕೊಂಡರೆ ಎರಡು ವಾರ ಕಾಲ ಸಕ್ಕರೆಯ ಲೆಕ್ಕವನ್ನು ಮೊಬೈಲಿಗೆ ಕಳಿಸುವ ಸೆನ್ಸರ್ ಈಗ ನಮ್ಮಲ್ಲೂ ಸಿಗುತ್ತದೆ. ಆರೋಗ್ಯ ಪುರವಣಿಗಳಲ್ಲಿ ಇವುಗಳ ಸುದ್ದಿ ಬರುವುದು ಒಳ್ಳೆಯದೇ. ಆದರೆ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಹೆಚ್ಚಿನವರ ಕೈಯಲ್ಲಿ ಇರುವುದು ಇವತ್ತಿಗೂ ರಬ್ಬರ್ ಮುಚ್ಚಳದ 10 ಎಂ.ಎಲ್. ಬಾಟಲಿ ಮತ್ತು ಒಂದು ಪ್ಲಾಸ್ಟಿಕ್ ಸಿರಿಂಜ್. ಇವೆರಡೂ ಒಂದಕ್ಕೊಂದು ಹೊಂದದೆ ಹೋದರೆ ಏನಾಗುತ್ತದೆ ಎಂಬುದು ಮಾತ್ರ ಯಾವ ಪುರವಣಿಯಲ್ಲೂ ಕಾಣುವುದಿಲ್ಲ. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮೆ ಇರಲಿ.

ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಬಲದಲ್ಲಿ ಮಾರಾಟವಾಗುತ್ತದೆ. ಬಾಟಲಿಯಲ್ಲಿ ಬರುವ ಮಾನವ ಇನ್ಸುಲಿನ್, ಅಂದರೆ ನೀರಿನಂತೆ ತಿಳಿಯಾಗಿರುವ ರೆಗ್ಯುಲರ್, ಮಜ್ಜಿಗೆಯಂತೆ ಬೆಳ್ಳಗಿರುವ ಎನ್‌ಪಿಎಚ್, ಎರಡೂ ಬೆರೆತ 30/70, ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 40 ಯೂನಿಟ್. ಇನ್ಸುಲಿನ್ ಪೆನ್ನಿಗೆ, ಅಂದರೆ ಪೆನ್ನಿನಾಕಾರದ ಚುಚ್ಚುವ ಸಾಧನಕ್ಕೆ, ಹಾಕುವ 3 ಎಂ.ಎಲ್. ಕಾರ್ಟ್ರಿಜ್ ಒಂದು ಎಂ.ಎಲ್.ಗೆ 100 ಯೂನಿಟ್. ಹೊಸ ಬಗೆಯ ಕೆಲವು ಇನ್ಸುಲಿನ್‌ಗಳು ಬಾಟಲಿಯಲ್ಲೂ 100ರ ಬಲದಲ್ಲೇ ಬರುತ್ತವೆ. ಇದಕ್ಕೆ ತಕ್ಕ ಹಾಗೆ ಸಿರಿಂಜ್ ಕೂಡ ಎರಡು ಬಗೆ: ಕೆಂಪು ಮುಚ್ಚಳದ್ದು ಯು-40, ಕಿತ್ತಳೆ ಮುಚ್ಚಳದ್ದು ಯು-100. ಟ್ಯೂಬ್‌ಲೈಟ್ ಬೆಳಕಿನಲ್ಲಿ, ಪೊರೆ ಬಂದ ಕಣ್ಣಿಗೆ, ಕೆಂಪು ಯಾವುದು ಕಿತ್ತಳೆ ಯಾವುದು ಎಂದು ಹೇಳುವುದು ಸುಲಭವಲ್ಲ. ಬಣ್ಣ ನಂಬಬಾರದು, ಮೈಮೇಲೆ ಅಚ್ಚಾದ ಅಂಕಿಯನ್ನೇ ಓದಬೇಕು.

ವೈದ್ಯರು 20 ಯೂನಿಟ್ ಬರೆದಿದ್ದಾರೆ, ಬಾಟಲಿ 40ರದ್ದು ಎಂದಿಟ್ಟುಕೊಳ್ಳಿ. ಯು-40 ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಎಂ.ಎಲ್. ಬರುತ್ತದೆ, ಲೆಕ್ಕ ಸರಿ. ಅದೇ ಬಾಟಲಿಯಿಂದ ಯು-100 ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಬರುವುದು 0.2 ಎಂ.ಎಲ್.; ಮೈಗೆ ಹೋಗುವುದು ಬರೀ 8 ಯೂನಿಟ್. ತಿರುಗಾಮುರುಗಾ ಆದರೆ ಇನ್ನೂ ಕೆಟ್ಟದು: 100ರ ಇನ್ಸುಲಿನ್ನನ್ನು ಯು-40 ಸಿರಿಂಜಿನ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ಗೇ ಸಿರಿಂಜ್ ಚುಚ್ಚಿ ಎಳೆದುಕೊಳ್ಳುವವರಿಗೆ ಆಗುವುದು ಇದೇ. ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು.

ಮೊದಲನೆಯ ತಪ್ಪು ಮೆಲ್ಲಗೆ ಕೊಲ್ಲುವ ಬಗೆಯದು. ಸಿರಿಂಜ್ ತಪ್ಪಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಸಕ್ಕರೆ ಇಳಿಯುವುದಿಲ್ಲ, ವೈದ್ಯರು 20ನ್ನು 28 ಮಾಡುತ್ತಾರೆ, ಆಮೇಲೆ 36. ಗೆರೆ 36ಕ್ಕೆ ಬಂದಾಗ ಮೈಗೆ ಹೋಗುತ್ತಿರುವುದು 14.4 ಯೂನಿಟ್, ಸಕ್ಕರೆ ಹೇಗೋ ಹದಕ್ಕೆ ಬಂದಿರುತ್ತದೆ. ಒಂದು ದಿನ ಬೇರೆ ಅಂಗಡಿಯವರು ಸರಿಯಾದ ಕೆಂಪು ಮುಚ್ಚಳದ ಸಿರಿಂಜ್ ಕೊಡುತ್ತಾರೆ. ಆ ರಾತ್ರಿ ಪೂರ್ತಿ 36 ಯೂನಿಟ್ ಒಳಗೆ ಹೋಗುತ್ತದೆ. ಸಕ್ಕರೆ ತೀರಾ ಇಳಿದು, ಬೆಳಗಿನ ಜಾವ ಹಾಸಿಗೆ ಬೆವರಿನಲ್ಲಿ ಒದ್ದೆ, ಎಬ್ಬಿಸಿದರೆ ಏಳುವುದಿಲ್ಲ. ಮನೆಯವರು ಅದನ್ನು ಪಾರ್ಶ್ವವಾಯು ಎಂದುಕೊಳ್ಳುತ್ತಾರೆ. ತಪ್ಪು ಸಿರಿಂಜ್ ಬಳಸುತ್ತಿದ್ದುದು ಗೊತ್ತಾದರೆ, ಸರಿಯಾದ ಸಿರಿಂಜಿನಲ್ಲಿ ಅದೇ ಅಂಕಿ ಎಳೆಯುವ ಮೊದಲು ವೈದ್ಯರಿಗೆ ಹೇಳಲೇಬೇಕು. ಡೋಸನ್ನು ಹೊಸದಾಗಿ ಹಾಕಿಕೊಡಬೇಕಾಗುತ್ತದೆ.

ಚೀಟಿಯ ಬರಹದಲ್ಲೂ ಒಂದು ಹಳೆಯ ರೋಗವಿದೆ. ಯೂನಿಟ್ ಎಂಬುದನ್ನು ಇಂಗ್ಲಿಷಿನ U ಎಂಬ ಒಂದೇ ಅಕ್ಷರದಲ್ಲಿ ಗೀಚಿದರೆ ಆ ಅಕ್ಷರ ಸೊನ್ನೆಯಂತೆ ಕಾಣುತ್ತದೆ. 10 ಯೂನಿಟ್ 100 ಆಗುತ್ತದೆ. ಇನ್ಸುಲಿನ್ ಚೀಟಿಯಲ್ಲಿ ಯೂನಿಟ್ ಎಂಬ ಪದವನ್ನು ಪೂರ್ತಿ ಬರೆಯಬೇಕೆಂಬುದು ಎಲ್ಲ ಕಡೆ ಒಪ್ಪಿದ ನಿಯಮ. ನಮ್ಮಲ್ಲಿ ಪಾಲಿಸುವವರು ಕಡಿಮೆ.

ಇನ್ನು ಬಿಸಿಲು. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಬಳಕೆಯಲ್ಲಿರುವ ಬಾಟಲಿ 25–30 ಡಿಗ್ರಿ ಒಳಗಿನ ತಂಪಿನಲ್ಲಿ ಸಾಮಾನ್ಯವಾಗಿ 28 ದಿನ ತಡೆಯುತ್ತದೆ. ಕೆಲವಕ್ಕೆ ಹೆಚ್ಚು ದಿನ ಇದೆ, ಒಳಗಿನ ಚೀಟಿ ನೋಡಬೇಕು. 40ರ ಬಲದ 10 ಎಂ.ಎಲ್. ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 30 ಯೂನಿಟ್ ಹಾಕುವವರಿಗೆ ಅದು 13 ದಿನಕ್ಕೆ ಮುಗಿಯುತ್ತದೆ, ಚಿಂತೆಯಿಲ್ಲ. ದಿನಕ್ಕೆ 8 ಯೂನಿಟ್ ಹಾಕುವವರಿಗೆ 50 ದಿನ ಬರುತ್ತದೆ. ಕೊನೆಯ ಮೂರು ವಾರ ಅವರು ಚುಚ್ಚಿಕೊಳ್ಳುತ್ತಿರುವುದು ಎಷ್ಟು ಬಲದ ಔಷಧಿಯೋ ಹೇಳಲಾಗದು. ತೆರೆದ ದಿನಾಂಕವನ್ನು ಬಾಲ್‌ಪೆನ್ನಿನಲ್ಲಿ ಲೇಬಲ್ ಮೇಲೆಯೇ ಬರೆದಿಡುವುದು ಒಂದು ಕ್ಷಣದ ಕೆಲಸ.

ಫ್ರಿಜ್ ಇದ್ದವರು ಮಾಡುವ ತಪ್ಪು ಬೇರೆ. ಒಂಟಿ ಬಾಗಿಲಿನ ಫ್ರಿಜ್‌ಗಳಲ್ಲಿ ಮಂಜುಗಡ್ಡೆ ಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿ, ಇಲ್ಲವೇ ಹಿಂದಿನ ಗೋಡೆಗೆ ತಾಗಿಸಿ ಇಟ್ಟರೆ ಇನ್ಸುಲಿನ್ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ಮತ್ತೆ ಮೊದಲಿನಂತೆ ಕಂಡರೂ ಕೆಲಸಕ್ಕೆ ಬಾರದು, ಎಸೆಯಲೇಬೇಕು. ಬಾಗಿಲಿನ ಅರೆ ಅಥವಾ ನಡುವಿನ ತಟ್ಟೆ ಸರಿಯಾದ ಜಾಗ. ಅಂಗಡಿಯಿಂದ ತರುವಾಗ ಐಸ್ ತುಂಡಿನ ಜೊತೆಗೇ ಒಂದೇ ಕವರಿನಲ್ಲಿ ಹಾಕಿಕೊಂಡು ಬರುವುದೂ ಇದೇ ಜಾತಿಯ ತಪ್ಪು; ನಡುವೆ ಬಟ್ಟೆಯ ಒಂದು ಮಡಿಕೆಯಾದರೂ ಇರಲಿ. ವಿಮಾನದಲ್ಲಿ ಹೋಗುವವರು ಲಗೇಜಿಗೆ ಹಾಕದೆ ಕೈಚೀಲದಲ್ಲಿಡಬೇಕು.

ಫ್ರಿಜ್ ಇಲ್ಲದವರಿಗೆ, ಕರೆಂಟು ನಂಬಲಾಗದವರಿಗೆ, ಮಡಕೆ ಇದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯೊಳಗೆ ಕೇಳುವುದೇ ಬೇಡ. ದೊಡ್ಡ ಮಡಕೆಯೊಳಗೆ ಚಿಕ್ಕ ಕುಡಿಕೆ ಇಟ್ಟು, ನಡುವೆ ಮರಳು ತುಂಬಿ, ಬೆಳಿಗ್ಗೆ ಸಂಜೆ ಮರಳಿಗೆ ನೀರು ಹನಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಬೇಕು. ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕುಡಿಕೆಯೊಳಗೆ ಇಡಬೇಕು, ಇಲ್ಲದಿದ್ದರೆ ಲೇಬಲ್ ನೆನೆದು ಅಂಕಿ ಅಳಿಸಿಹೋಗುತ್ತದೆ. ಮಡಕೆ ಇರಬೇಕಾದದ್ದು ನೆರಳಿನಲ್ಲಿ, ಗಾಳಿಯಾಡುವ ಕಡೆ. ಮುಚ್ಚಿದ ಕೋಣೆಯ ಮೂಲೆಯಲ್ಲಿ ಅಲ್ಲ. ಎಣ್ಣೆ ಹಚ್ಚಿದ, ಬಣ್ಣ ಬಳಿದ ಮಡಕೆ ಬೆವರುವುದಿಲ್ಲ, ಬೆವರದ ಮಡಕೆ ತಣ್ಣಗಾಗುವುದಿಲ್ಲ. ಒಣ ಹವೆಯಲ್ಲಿ ಒಳಗಿನ ಬಿಸಿ ಹೊರಗಿಗಿಂತ ಹಲವು ಡಿಗ್ರಿ ಕಡಿಮೆ ಇರುತ್ತದೆ. ಆದರೆ ಮಂಗಳೂರು, ಕಾರವಾರದ ಜಿಗುಟು ಸೆಕೆಯಲ್ಲಿ ನೀರು ಆರುವುದೇ ನಿಧಾನವಾದ್ದರಿಂದ ಈ ಉಪಾಯ ಅಲ್ಲಿ ಅಷ್ಟು ಫಲ ಕೊಡದು. ಕರಾವಳಿಯವರಿಗೆ ಪಕ್ಕದ ಮನೆಯ ಫ್ರಿಜ್ಜೇ ಗತಿ.

ಕೆಟ್ಟದ್ದನ್ನು ಗುರುತಿಸುವುದು ಹೀಗೆ: ತಿಳಿಯಾಗಿರಬೇಕಾದದ್ದು ಮಸುಕಾದರೆ ಅಥವಾ ಬಣ್ಣ ತಿರುಗಿದರೆ, ಬೆಳ್ಳಗಿರಬೇಕಾದದ್ದರಲ್ಲಿ ಹರಳು ಕಟ್ಟಿದರೆ ಅಥವಾ ಗಾಜಿನ ಒಳಗೋಡೆಗೆ ಮಂಜಿನಂತೆ ಅಂಟಿಕೊಂಡರೆ ಬಳಸಬಾರದು. ಬಿಸಿಗೆ ಬಲ ಕಳೆದುಕೊಂಡದ್ದು ನೋಡಲು ಚೆನ್ನಾಗಿಯೇ ಇರಬಹುದು. ಹಾಗಾಗಿ ಊಟ, ಡೋಸು ಯಾವುದೂ ಬದಲಾಗದೆ ಸಕ್ಕರೆ ದಿಢೀರನೆ ಏರಿದರೆ ಮೊದಲು ಬಾಟಲಿಯನ್ನು ಅನುಮಾನಿಸಿ.

ಎಳೆಯುವ ಕ್ರಮದ ಬಗ್ಗೆ ಎರಡು ಮಾತು. 30/70 ಬಾಟಲಿ ಹಾಗೇ ಇಟ್ಟರೆ ಬೆಳ್ಳಗಿನ ಭಾಗ ತಳಕ್ಕೆ ಕೂರುತ್ತದೆ. ಕಲಸದೆ ಎಳೆದರೆ ಒಂದು ದಿನ ತಿಳಿಯಾದದ್ದೇ ಹೆಚ್ಚು ಬರುತ್ತದೆ, ಇನ್ನೊಂದು ದಿನ ಗಟ್ಟಿ. ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ಮಗುಚಿ. ಕೆಮ್ಮಿನ ಸಿರಪ್ ಕುಲುಕಿದ ಹಾಗೆ ಕುಲುಕಬೇಡಿ, ನೊರೆ ಬಂದು ಅಳತೆ ಕೆಡುತ್ತದೆ. ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಆರಲು ಬಿಡಿ. ಎಷ್ಟು ಯೂನಿಟ್ ಎಳೆಯಬೇಕೋ ಅಷ್ಟೇ ಗಾಳಿಯನ್ನು ಮೊದಲು ಬಾಟಲಿಯೊಳಗೆ ತಳ್ಳಬೇಕು. ಇದನ್ನು ಬಿಟ್ಟವರಿಗೆ ಬಾಟಲಿ ಅರ್ಧ ಮುಗಿದ ಮೇಲೆ ಪಿಸ್ಟನ್ ಹಿಂದಕ್ಕೆ ಜಗ್ಗುತ್ತದೆ, ಗುಳ್ಳೆ ತುಂಬುತ್ತದೆ. ಚರ್ಮದಡಿಗೆ ಹೋದ ಗುಳ್ಳೆಯಿಂದ ಪ್ರಾಣಾಪಾಯವೇನಿಲ್ಲ, ಆ ಭಯ ಬೇಡ. ಆದರೆ ಗುಳ್ಳೆ ಹಿಡಿದ ಜಾಗದಲ್ಲಿ ಔಷಧಿ ಇರುವುದಿಲ್ಲ. ಯು-40 ಸಿರಿಂಜಿನಲ್ಲಿ 0.1 ಎಂ.ಎಲ್. ಗುಳ್ಳೆ ಎಂದರೆ 4 ಯೂನಿಟ್ ಖೋತಾ. ಪೆನ್ನು ಬಳಸುವವರು ಪ್ರತಿ ಸಲ 2 ಯೂನಿಟ್ ಹೊರಗೆ ಬಿಟ್ಟು ಸೂಜಿಯ ತುದಿಯಲ್ಲಿ ಹನಿ ಕಂಡ ಮೇಲೆಯೇ ಡೋಸು ತಿರುಗಿಸಬೇಕು, ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು. ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟು ಡಬ್ಬದಲ್ಲಿಟ್ಟರೆ ಬಿಸಿಲಿಗೆ ಔಷಧಿ ಸೋರುತ್ತದೆ, ತಂಪಿಗೆ ಗಾಳಿ ಒಳಸೇರುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇರುವ ಮನೆಗಳಲ್ಲಿ ಸೂಜಿ ಮಾತ್ರ ಬದಲಿಸಿ ಪೆನ್ನು ಹಂಚಿಕೊಳ್ಳುವುದುಂಟು. ಚುಚ್ಚಿದಾಗ ರಕ್ತದ ಕಣ ಕಾರ್ಟ್ರಿಜ್‌ನೊಳಕ್ಕೆ ಹಿಂದೆಳೆದುಕೊಳ್ಳಬಹುದು, ಆದ್ದರಿಂದ ಅದೂ ಸಲ್ಲದು.

ಈಗ ಹೊಟ್ಟೆ ತಡವಿ ನೋಡುವ ವಿಚಾರ. ವರ್ಷಗಟ್ಟಲೆ ಒಂದೇ ಜಾಗಕ್ಕೆ ಚುಚ್ಚಿದರೆ ಚರ್ಮದಡಿಯ ಕೊಬ್ಬು ಬೆಳೆದು ಮೆತ್ತನೆಯ ಗಂಟಾಗುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಗಂಟು ಇನ್ನೂ ಬೆಳೆಯುತ್ತದೆ. ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ತಡವಾಗಿ, ಒಂದು ದಿನ ಬೇಗ, ಒಂದು ದಿನ ಅರೆಬರೆ ರಕ್ತಕ್ಕೆ ಸೇರುತ್ತದೆ. ಒಂದೇ ಊಟ, ಒಂದೇ ಡೋಸು, ಆದರೂ ಸಕ್ಕರೆ ಇವತ್ತು 110, ನಾಳೆ 290 ಎನ್ನುವವರಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನು. ಕಣ್ಣಿಗೆ ಕಾಣದ ಗಂಟೂ ಸ್ನಾನದ ಹೊತ್ತಿನಲ್ಲಿ ಸೋಪು ಹಚ್ಚಿದ ಬೆರಳಿಗೆ ಸಿಗುತ್ತದೆ. ಹೊಕ್ಕುಳಿನ ಸುತ್ತ ಎರಡು ಬೆರಳಗಲ ಬಿಟ್ಟು ಹೊಟ್ಟೆಯನ್ನು ನಾಲ್ಕು ಪಾಲು ಮಾಡಿಕೊಂಡು, ವಾರಕ್ಕೊಂದು ಪಾಲಿನಂತೆ, ಹಿಂದಿನ ಚುಚ್ಚಿಗೂ ಇಂದಿನದಕ್ಕೂ ಒಂದು ಬೆರಳಗಲ ಅಂತರ ಬಿಟ್ಟು ಸಾಗಬೇಕು. ಬೆಳಿಗ್ಗೆ ಹೊಟ್ಟೆಗೆ, ನಾಳೆ ಬೆಳಿಗ್ಗೆ ತೊಡೆಗೆ ಎಂದು ಕುಣಿದಾಡಬಾರದು. ಹೊಟ್ಟೆಯಿಂದ ಔಷಧಿ ಬೇಗ ಹತ್ತುತ್ತದೆ, ತೊಡೆಯಿಂದ ನಿಧಾನ. ಗಂಟು ಬಿಟ್ಟು ಹೊಸ ಜಾಗಕ್ಕೆ ಬರುವ ದಿನ ಮಾತ್ರ ಎಚ್ಚರ: ಹೊಸ ಜಾಗದಲ್ಲಿ ಪೂರ್ತಿ ಇನ್ಸುಲಿನ್ ಕೆಲಸ ಮಾಡುವುದರಿಂದ ಹಳೆಯ ಡೋಸು ಹೆಚ್ಚಾಗಿ ‘ಲೋ’ ಆಗಬಹುದು, ಅಂದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ವೈದ್ಯರ ಬಳಿ ಡೋಸು ಇಳಿಸಿಕೊಂಡು ಆ ಬದಲಾವಣೆ ಮಾಡಬೇಕು. ಇಷ್ಟಕ್ಕೆಲ್ಲ ಬೇಕಾದದ್ದು ಎರಡು ಬೆರಳು, ಐದು ನಿಮಿಷ. ಎಷ್ಟು ಒಪಿಡಿಗಳಲ್ಲಿ ರೋಗಿಯ ಹೊಟ್ಟೆ ಮುಟ್ಟಿ ನೋಡುತ್ತಾರೆ?

ಲೋ ಆಗುವುದರ ಬಗ್ಗೆ ಜನರಿಗೆ ಅರ್ಧ ಗೊತ್ತು. ರೆಗ್ಯುಲರ್ ಮತ್ತು 30/70 ಮಾನವ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ ಹಾಕುವಂಥದ್ದು. ಮನೆಯಲ್ಲೇ ಚುಚ್ಚಿಕೊಂಡು ಮದುವೆಗೆ ಹೊರಟು, ಮೊದಲ ಪಂಕ್ತಿ ತಪ್ಪಿ, ಎರಡನೆಯದಕ್ಕೆ ಬೀಗರು ಕೂತು, ಮೂರನೆಯದಕ್ಕೆ ಎಲೆ ಬೀಳುವ ಹೊತ್ತಿಗೆ ಒಂದೂವರೆ ಗಂಟೆ ಆಗಿರುತ್ತದೆ. ಎಲೆ ಕಂಡ ಮೇಲೆಯೇ ಚುಚ್ಚಿಕೊಳ್ಳಬಹುದಾದ ಹೊಸ ಬಗೆಯ ಇನ್ಸುಲಿನ್ ಈ ಮಟ್ಟಿಗೆ ನಿಜವಾದ ಉಪಕಾರ. ಸಕ್ಕರೆ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ತಬ್ಬಿಬ್ಬು ಶುರುವಾದರೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಇನ್ನೂ 70 ದಾಟದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಚಾಕೊಲೇಟ್, ಪೇಡಾ ಬೇಡ. ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಗೊತ್ತಿಲ್ಲದ ಇನ್ನರ್ಧ ಇದು: ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆಯ ಕೆಲಸವೇ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ತಡೆಯುವುದು. ಅವರಿಗೆ ಮೊದಲೇ ಒಡೆದ ರೂಪದಲ್ಲಿರುವ ಗ್ಲೂಕೋಸ್ ಪುಡಿಯೇ ಬೇಕು. ನಮ್ಮಲ್ಲಿ ವೋಗ್ಲಿಬೋಸನ್ನು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎಂಬ ಬೇರೆ ಶುಗರ್ ಔಷಧಿಗಳ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುವುದರಿಂದ, ತಾವು ಅದನ್ನು ನುಂಗುತ್ತಿರುವುದೇ ಎಷ್ಟೋ ಜನರಿಗೆ ತಿಳಿದಿಲ್ಲ. ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರ ಓದಿಸಿ ನೋಡಿ.

ಸೆನ್ಸರ್ ಇದ್ದವರೂ ಒಂದು ತಿಳಿದಿರಲಿ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು; ಸಕ್ಕರೆ ವೇಗವಾಗಿ ಇಳಿಯುವಾಗ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಆ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಸುಳ್ಳು ಲೋ ತೋರಿಸುತ್ತದೆ. ಬೆರಳಿನ ಗ್ಲುಕೋಮೀಟರ್ ಪರೀಕ್ಷೆಗೂ ಅದರದ್ದೇ ಗುಟ್ಟಿದೆ: ಮಾವಿನಹಣ್ಣು ಮುಟ್ಟಿದ ಕೈಯಲ್ಲಿ ಮಾಡಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ, ರಕ್ತಹೀನತೆ ಇದ್ದವರಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚು ಬರಬಹುದು.

ಬಳಸಿದ ಸೂಜಿ ಕಸದ ಚೀಲಕ್ಕೆ ಹೋದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಫಿನಾಯಿಲ್ ಕ್ಯಾನಿನಂಥ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕುತ್ತಾ, ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ ಆಸ್ಪತ್ರೆಗೆ ಕೊಡಬೇಕು. ತೆಗೆದುಕೊಳ್ಳುವುದಿಲ್ಲ ಎನ್ನುವ ಆಸ್ಪತ್ರೆಗಳೇ ಹೆಚ್ಚು ಎಂಬುದು ಬೇರೆ ಮಾತು.

ಮೊದಲ ವಿಷಯಕ್ಕೆ ಬರುತ್ತೇನೆ. 40, 100 ಎಂಬ ಈ ಎರಡು ಅಂಕಿ ಯಾಕೆ ಉಳಿದುಕೊಂಡವು? 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಮಧುಮೇಹಿ ಹುಡುಗ ಲೆನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಇನ್ಸುಲಿನ್ ಇಂಜೆಕ್ಷನ್ ಅಶುದ್ಧವಾಗಿತ್ತು. ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಶುದ್ಧಗೊಳಿಸಿದ ಮೇಲೆಯೇ, ಎರಡು ವಾರದೊಳಗೆ, ಅದು ಫಲಿಸಿತು. ಯೂನಿಟ್ ಎಂಬ ಅಳತೆಯೇ ಮೊಲಗಳ ಮೇಲಿನ ಪ್ರಯೋಗದಿಂದ ಹುಟ್ಟಿದ್ದು. ಆಗಿನ ಔಷಧಿ ತೀರಾ ತೆಳು. ಶುದ್ಧೀಕರಣ ಸುಧಾರಿಸಿದಂತೆ 40, 80ರ ಬಲ ಬಂತು, ಅದರ ಜೊತೆಗೆ ಸಿರಿಂಜಿನ ಗೊಂದಲವೂ ಬಂತು. ಅಮೆರಿಕ 1970ರ ದಶಕದಲ್ಲೇ ಎಲ್ಲವನ್ನೂ 100ಕ್ಕೆ ತರತೊಡಗಿತು, ಬ್ರಿಟನ್ 1983ರಲ್ಲಿ ಬದಲಾಯಿತು. ಅಮೆರಿಕದಲ್ಲಿ ಈಗ ಯು-40 ಇನ್ಸುಲಿನ್ ಉಳಿದಿರುವುದು ನಾಯಿ, ಬೆಕ್ಕುಗಳ ಚಿಕಿತ್ಸೆಗೆ. ಮಕ್ಕಳನ್ನು ನೋಡಲು ಆರು ತಿಂಗಳು ಅಲ್ಲಿಗೆ ಹೋಗುವ ನಮ್ಮ ಹಿರಿಯರು ಇಲ್ಲಿಂದ ಬಾಟಲಿ ಮಾತ್ರ ಒಯ್ದರೆ ಸಾಲದು, ಹೊಂದುವ ಸಿರಿಂಜನ್ನೂ ಎಣಿಸಿ ಒಯ್ಯಬೇಕು. ಅಲ್ಲಿನ ಫಾರ್ಮಸಿಯವರು ಕೊಡುವುದು ಯು-100 ಸಿರಿಂಜ್.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಎಂಬ ಮಧುಮೇಹ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇವರಲ್ಲಿ ಇನ್ಸುಲಿನ್ ಹಿಡಿದವರು ಸಣ್ಣ ಪಾಲಾದರೂ ಸಂಖ್ಯೆ ಸಣ್ಣದಲ್ಲ. ಕೇಂದ್ರದ ಔಷಧ ನಿಯಂತ್ರಕರು ದಿನ ಗೊತ್ತುಪಡಿಸಿ ಇಡೀ ದೇಶವನ್ನು ಒಂದೇ ಬಲಕ್ಕೆ ತರಬೇಕು. ಅರೆಮನಸ್ಸಿನಿಂದ, ಒಂದೊಂದು ಕಂಪನಿ ಒಂದೊಂದು ವರ್ಷ ಬದಲಿಸಿದರೆ ಅಪಾಯ ಈಗಿರುವುದಕ್ಕಿಂತ ಹೆಚ್ಚಾಗುತ್ತದೆ. ಹಳೆಯ ಸಿರಿಂಜ್‌ಗಳನ್ನು ಅಂಗಡಿಗಳಿಂದ ವಾಪಸು ಪಡೆಯುವ ಏರ್ಪಾಟೂ ಅದೇ ದಿನಕ್ಕೆ ಆಗಬೇಕು. ಅದು ಆಗುವವರೆಗೆ ರಾಜ್ಯದ ಆರೋಗ್ಯ ಇಲಾಖೆಯ ಕೈಯಲ್ಲೇ ಇರುವ ಕೆಲಸ ಒಂದಿದೆ. ಸರ್ಕಾರಿ ಔಷಧಾಲಯದಿಂದ ಕೊಡುವ ಪ್ರತಿ ಇನ್ಸುಲಿನ್ ಬಾಟಲಿಗೆ ಹೊಂದುವ ಸಿರಿಂಜ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೇ ಕೊಡುವುದು, ಬಾಟಲಿಯ ಡಬ್ಬಿಯ ಮೇಲೆ ‘40ರ ಬಾಟಲಿ, ಕೆಂಪು ಮುಚ್ಚಳದ 40ರ ಸಿರಿಂಜ್ ಮಾತ್ರ’ ಎಂದು ದಪ್ಪಕ್ಷರದ ಕನ್ನಡ ಚೀಟಿ ಅಂಟಿಸುವುದು. ಕಲ್ಯಾಣ ಕರ್ನಾಟಕದ ಗಡಿ ತಾಲ್ಲೂಕುಗಳಲ್ಲಿ ತೆಲುಗು, ಮರಾಠಿ, ಉರ್ದುವಿನಲ್ಲೂ ಅದೇ ಸಾಲು ಇದ್ದರೆ ಒಳ್ಳೆಯದು. ಖಾಸಗಿ ಮೆಡಿಕಲ್ ಶಾಪಿನವರು ಬಿಡಿ ಸಿರಿಂಜ್ ಕೇಳಿದವರಿಗೆ ‘ಯಾವ ಬಾಟಲಿ?’ ಎಂದು ಕೇಳದೆ ಕೊಡಬಾರದು. ಬಾಟಲಿ ನೆನಪಿಲ್ಲದವರು ಖಾಲಿ ಬಾಟಲಿಯನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಲಿ.

ಇಂತಿ,
ಒಬ್ಬ ಆಸ್ಪತ್ರೆ ಫಾರ್ಮಸಿಸ್ಟ್, ರಾಯಚೂರು